ನೆಲದಡಿಯ ಕಲ್ಲು ಯಾರದ್ದು? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಗೆ,
ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಮಾನ್ಯ ಸದಸ್ಯರಿಗೆ

ವಿಷಯ: ರೈತರ ಪಟ್ಟಾ ಜಮೀನಿನ ಅಡಿಯಲ್ಲಿರುವ ಖನಿಜದ ಹಕ್ಕು ಯಾರದ್ದೆಂದು ಸ್ಪಷ್ಟಪಡಿಸುವ ಕುರಿತು

ಮಾನ್ಯರೇ, ನಮಸ್ಕಾರ.

ನಾನು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯವಳು. ನಮಗೆ ಎರಡು ಎಕರೆಗೂ ಕಡಿಮೆ ಅಡಿಕೆ ತೋಟ ಇದೆ. ತೋಟದ ಹಿಂದೆ ಒಂದು ಸಣ್ಣ ಗುಡ್ಡೆ ಇದೆ, ಅಥವಾ ಇತ್ತು. ಪಹಣಿ ಅಪ್ಪನ ಹೆಸರಿನಲ್ಲಿದೆ. ಎರಡು ವರ್ಷದ ಹಿಂದೆ, ಮಳೆಗಾಲ ಹಿಡಿದ ಮೇಲೆ, ಅಪ್ಪನ ಹೆಸರಿಗೆ ಒಂದು ನೋಟಿಸ್ ಬಂತು. ನಿಮ್ಮ ಜಮೀನಿನಲ್ಲಿ ಅನುಮತಿ ಇಲ್ಲದೆ ಕೆಂಪುಕಲ್ಲು ತೆಗೆಯಲಾಗಿದೆ, ರಾಯಲ್ಟಿ (ತೆಗೆದ ಕಲ್ಲಿಗೆ ಕೊಡಬೇಕಾದ ಹಣ) ಮತ್ತು ದಂಡ ಕಟ್ಟಬೇಕು ಎಂದು ಅದರಲ್ಲಿತ್ತು. ಅಪ್ಪನಿಗೆ ಈಗ 76 ವರ್ಷ. ಅವರು ಅದನ್ನು ಮೂರು ಸಲ ಓದಿದರು. ಆಮೇಲೆ ಕನ್ನಡಕ ತೆಗೆದಿಟ್ಟು ನನ್ನನ್ನು ಕೇಳಿದರು: "ಕಲ್ಲು ನಮ್ಮದಾದ್ರೆ ರಾಯಲ್ಟಿ ಯಾಕೆ ಮಗಾ? ಸರ್ಕಾರದ್ದಾದ್ರೆ, ಅದನ್ನು ಬೇರೆಯವ ತಗೊಂಡು ಹೋದ್ದಕ್ಕೆ ನಾನು ಯಾಕೆ ಕಟ್ಟಬೇಕು?"

ಈ ಪ್ರಶ್ನೆ ಹಿಡಿದುಕೊಂಡು ನಾನು ಅನೇಕ ಮೇಜುಗಳ ಮುಂದೆ ನಿಂತಿದ್ದೇನೆ. ಎಲ್ಲಿಯೂ ನೇರ ಉತ್ತರ ಸಿಗಲಿಲ್ಲ. ಕಾನೂನು ಮಾಡುವವರು ನೀವು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಗುಡ್ಡೆ ಸಮತಟ್ಟು ಮಾಡಿದರೆ ಇನ್ನೂರು ಅಡಿಕೆ ಗಿಡ ಜಾಸ್ತಿ ಇಡಬಹುದು ಎಂದು ಅಪ್ಪನಿಗೆ ಬಹಳ ದಿನದಿಂದ ಆಸೆ ಇತ್ತು. ಕೋರೆ ನಡೆಸುವ ಒಬ್ಬರು ಮನೆಗೆ ಬಂದರು. ಗುಡ್ಡೆ ತೆಗೆದು ಮಟ್ಟ ಮಾಡಿಕೊಡುತ್ತೇನೆ, ಕಲ್ಲು ನನಗಿರಲಿ, ಲೋಡಿಗೆ ಇಷ್ಟು ಅಂತ ನಿಮಗೂ ಕೊಡುತ್ತೇನೆ, ಪರ್ಮಿಟ್ ಎಲ್ಲ ನನ್ನ ಜವಾಬ್ದಾರಿ ಎಂದರು. ಛಾಪಾ ಕಾಗದದ ಮೇಲೆ ಬರೆದುಕೊಂಡು ಬಂದಿದ್ದರು. ಅಪ್ಪ ಸಹಿ ಹಾಕಿದರು. ಪರ್ಮಿಟ್ ಕಾಗದವನ್ನು ಕಣ್ಣಾರೆ ನೋಡದೆ ಮೆಷಿನ್ ಇಳಿಸಲು ಬಿಟ್ಟದ್ದು ನಮ್ಮ ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇನೆ.

ನಾಲ್ಕು ತಿಂಗಳು ಕಲ್ಲು ಕಡಿಯುವ ಮೆಷಿನ್ ಓಡಿತು. ಬೆಳಿಗ್ಗೆಯಿಂದ ಸಂಜೆವರೆಗೆ ಕೆಂಪು ಹುಡಿ. ಅಡಿಕೆ ಸೋಗೆಯೆಲ್ಲ ಕೆಂಪು. ಸಮತಟ್ಟು ಆಗಬೇಕಿದ್ದ ಜಾಗ ಗುಂಡಿಯಾಯಿತು. ಒಳ್ಳೆಯ ಕಲ್ಲು ಸಿಕ್ಕಿದಷ್ಟೂ ಕೆಳಗೆ ಹೋದರು. ಮಳೆ ಬರುವ ಹೊತ್ತಿಗೆ ಮೆಷಿನ್ ಎತ್ತಿಕೊಂಡು ಹೋದರು. ಆಮೇಲೆ ಫೋನ್ ಎತ್ತಲಿಲ್ಲ. ಈಗ ನಮ್ಮ ಮನೆಯ ಹಿಂದೆ ಒಂದು ತೆಂಗಿನ ಮರದಷ್ಟು ಆಳದ ಗುಂಡಿಯಿದೆ, ಅದರ ತುಂಬ ನೀರು. ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ ಅದರ ಬದಿಯಲ್ಲೇ ಇದೆ. ನಾವೇ ಮುಳ್ಳುಬೇಲಿ ಕಟ್ಟಿದ್ದೇವೆ. ಪ್ರತಿ ಮಳೆಗಾಲ ಅಮ್ಮ ಸಂಜೆ ನಾಲ್ಕಕ್ಕೆ ಅಲ್ಲಿ ಹೋಗಿ ನಿಲ್ಲುತ್ತಾರೆ, ಮಕ್ಕಳೆಲ್ಲ ದಾಟಿದ ಮೇಲೆಯೇ ಒಳಗೆ ಬರುತ್ತಾರೆ.

ಕಲ್ಲು ಕಡಿದವರಿಗೆ ಲಾಭವಾಯಿತು. ರಾಯಲ್ಟಿ ತನ್ನದು ಎಂದು ಸರ್ಕಾರ ಹೇಳಿತು. ಗುಂಡಿ ಮತ್ತು ನೋಟಿಸ್ ನಮ್ಮ ಪಾಲಿಗೆ ಬಂತು.

ಆಗಿನಿಂದ ನಾನು ಈ ಕಾನೂನನ್ನು ಓದಲು ಶುರು ಮಾಡಿದೆ. ನಾನು ವಕೀಲೆ ಅಲ್ಲ. ಆದರೆ ಓದಿದಷ್ಟೂ ಅಪ್ಪನ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ ಎಂದು ಗೊತ್ತಾಯಿತು. ದೇಶದ ಅತಿ ದೊಡ್ಡ ನ್ಯಾಯಾಲಯವೇ ಆ ಪ್ರಶ್ನೆಯ ಮುಂದೆ ಕೂತು ಯೋಚಿಸಿದೆ.

2013ರ ಜುಲೈ 8ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಕೇರಳದ ಮಲಬಾರ್ ಭಾಗದ ಜನ್ಮಂ ಜಮೀನುಗಳ, ಅಂದರೆ ತಲೆತಲಾಂತರದ ಪೂರ್ಣ ಒಡೆತನದ ಜಮೀನುಗಳ, ಪ್ರಕರಣ ಅದು. ತಮ್ಮದೇ ಜಮೀನಿನಿಂದ ಖನಿಜ ತೆಗೆಯುತ್ತಿದ್ದವರಿಂದ ಅಲ್ಲಿನ ಸರ್ಕಾರ ರಾಯಲ್ಟಿ ಕೇಳಿತ್ತು. ನೆಲದಡಿಯ ಸಂಪತ್ತೆಲ್ಲ ಸರ್ಕಾರದ್ದು ಎಂದು ಘೋಷಿಸುವ ಕಾನೂನು ಯಾವುದೂ ಇಲ್ಲ ಎಂದು ಕೋರ್ಟ್ ಹೇಳಿತು. ಸಾಮಾನ್ಯವಾಗಿ ನೆಲ ಯಾರದ್ದೋ ಅಡಿಯ ಖನಿಜವೂ ಅವರದ್ದೇ, ಕಾನೂನುಬದ್ಧ ದಾರಿಯಲ್ಲಿ ಅದನ್ನು ಅವರಿಂದ ತೆಗೆದುಕೊಂಡಿದ್ದರೆ ಮಾತ್ರ ಬೇರೆ ಮಾತು ಎಂದಿತು. 1957ರ ಗಣಿ ಮತ್ತು ಖನಿಜ ಕಾಯ್ದೆ ಗಣಿಗಾರಿಕೆಯನ್ನು ನಿಯಂತ್ರಿಸುತ್ತದೆ, ಮಾಲೀಕತ್ವವನ್ನು ಕಸಿದುಕೊಳ್ಳುವುದಿಲ್ಲ ಎಂಬುದೂ ಆ ತೀರ್ಪಿನಲ್ಲಿದೆ.

ನಮ್ಮ ಊರಿಗೂ ಮಲಬಾರಿಗೂ ಏನು ಸಂಬಂಧ ಎಂದು ಕೇಳಬಹುದು. 1956ರವರೆಗೆ ನಮ್ಮ ಸೌತ್ ಕೆನರಾ ಜಿಲ್ಲೆ ಮತ್ತು ಮಲಬಾರ್ ಜಿಲ್ಲೆ ಎರಡೂ ಮದರಾಸಿನ ಆಡಳಿತದಲ್ಲಿದ್ದವು. ಕಾಸರಗೋಡು ಆಗ ನಮ್ಮ ಜಿಲ್ಲೆಯ ತಾಲೂಕು. ಕಲ್ಲು ಕೂಡ ಒಂದೇ. 1800ರಲ್ಲಿ ಮೈಸೂರಿನಿಂದ ಮಲಬಾರ್, ಕೆನರಾದವರೆಗೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ನೋಡಿದರು. ನೆಲದೊಳಗೆ ಇರುವಾಗ ಮೆತ್ತಗೆ, ಕತ್ತಿಯಲ್ಲೂ ಕಡಿಯಬಹುದು, ಗಾಳಿಗೆ ಬಂದ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿ. ಅದಕ್ಕೇ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟರು. ನಾವು ಕೆಂಪುಕಲ್ಲು, ಮುರಕಲ್ಲು ಅನ್ನುತ್ತೇವೆ. ನಮ್ಮ ಮನೆ, ದೈವಸ್ಥಾನದ ಗೋಡೆ, ಬಾವಿಯ ಕಟ್ಟೆ, ತೋಟದ ಕಟ್ಟಪುಣಿ (ಬದು) ಎಲ್ಲ ಅದರದ್ದೇ.

ಹಾಗಂತ ಆ ತೀರ್ಪು ನಮಗೆ ಹಾಗೇ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ 1964ರ ಭೂ ಕಂದಾಯ ಕಾಯ್ದೆ ಇದೆ. ಅದರ 70ನೇ ಸೆಕ್ಷನ್ ಗಣಿ ಮತ್ತು ಖನಿಜ ಉತ್ಪನ್ನಗಳ ಹಕ್ಕು ಸರ್ಕಾರದ್ದು ಎನ್ನುತ್ತದೆ. ಕೋರ್ಟ್ ಹೇಳಿದ "ಕಾನೂನುಬದ್ಧ ದಾರಿ" ಇದೇ ಏನು? ಒಂದು ಪೈಸೆ ಪರಿಹಾರ ಇಲ್ಲದೆ, ಒಂದು ನೋಟಿಸ್ ಇಲ್ಲದೆ, ಒಂದೇ ಸಾಲಿನಲ್ಲಿ ರಾಜ್ಯದ ಎಲ್ಲ ರೈತರ ನೆಲದಡಿಯ ಹಕ್ಕು ಹೋಯಿತೇ? ಕಲ್ಲಿದ್ದಲಿನ ವಿಷಯದಲ್ಲಿ ಕೇಂದ್ರ 1957ರಲ್ಲಿ ಪ್ರತ್ಯೇಕ ಸ್ವಾಧೀನ ಕಾಯ್ದೆಯನ್ನೇ ಮಾಡಿತು. ಪರಿಹಾರ ಕೊಟ್ಟು ಹಕ್ಕು ಪಡೆಯುವ ಕ್ರಮ ಅದರಲ್ಲಿದೆ. ಬೇಕಾದ ಹಕ್ಕನ್ನು ಕೇಳಿ ತೆಗೆದುಕೊಳ್ಳುವ ದಾರಿ ಇದೆ ಅಂತಾಯಿತು, ಅಲ್ವಾ?

ಇನ್ನೊಂದು ತೊಡಕಿದೆ. ಇದನ್ನು ಕರಾವಳಿಯ ಶಾಸಕರು ಚೆನ್ನಾಗಿ ಬಲ್ಲರು. ನಮ್ಮ ಊರಿನ ಒಂದೇ ಗುಡ್ಡೆಯ ಮೇಲೆ ನಾಲ್ಕು ಬಗೆಯ ಜಾಗ ಇದೆ. ಮೇಲಿನ ಮನೆಯವರದ್ದು ತಲೆತಲಾಂತರದ ವರ್ಗ ಜಾಗ. ನಮ್ಮದು ಡಿಕ್ಲರೇಷನಿನಲ್ಲಿ, ಅಂದರೆ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದದ್ದು. ಆಚೆಯವರಿಗೆ ದರ್ಖಾಸ್ತಿನಲ್ಲಿ, ಅಂದರೆ ಸರ್ಕಾರಕ್ಕೆ ಅರ್ಜಿ ಹಾಕಿ ಮಂಜೂರಾದದ್ದು. ಪಕ್ಕದಲ್ಲಿ ಕುಮ್ಕಿ. ಅಡಿಯಲ್ಲಿ ಒಂದೇ ಕಲ್ಲು, ಒಂದೇ ಪದರ. ವರ್ಗದವರ ಹಕ್ಕು ಮದರಾಸಿನ ಕಾಲದಿಂದ ಬಂದದ್ದು. ದರ್ಖಾಸ್ತಿನವರ ಹಕ್ಕು ಮಂಜೂರಾತಿ ಆದೇಶದ ಷರತ್ತಿನಿಂದ. ಕುಮ್ಕಿ ಸರ್ಕಾರದ್ದೇ ನೆಲ, ಪಕ್ಕದ ವರ್ಗದವರಿಗೆ ಅದರ ಮೇಲೆ ಇರುವುದು ಸೊಪ್ಪು, ಸೌದೆ ತರುವಂಥ ಅನುಕೂಲದ ಹಕ್ಕು ಮಾತ್ರ. ನಮ್ಮದು?

ನಮ್ಮದರ ಕಥೆ ಸ್ವಲ್ಪ ಹೇಳಬೇಕು. ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ವರ್ಷ ವರ್ಷಕ್ಕೆ ನಡೆಯುವ ಗೇಣಿಯವರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧಣಿಗಳ ಮನೆಗೆ ಹೊತ್ತು ಹಾಕುತ್ತಿದ್ದರು. ಮಳೆ ಕೈಕೊಟ್ಟ ವರ್ಷವೂ ಗೇಣಿ ತಪ್ಪುತ್ತಿರಲಿಲ್ಲ. ಭೂಸುಧಾರಣೆಯ ತಿದ್ದುಪಡಿ ಬಂದು, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು, ಅಂದರೆ ಸರ್ಕಾರದ ಒಡೆತನಕ್ಕೆ ಹೋದವು. ಅಜ್ಜ 7ನೇ ನಮೂನೆಯ ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿ ಅವರಿಗೆ ಅಧಿಭೋಗದ ಹಕ್ಕು, ಅಂದರೆ ಆ ನೆಲವನ್ನು ಸ್ವಂತದ್ದಾಗಿ ಇಟ್ಟುಕೊಳ್ಳುವ ಹಕ್ಕು, ಕೊಟ್ಟಿತು. ಆ ಕಾಗದ ಇವತ್ತಿಗೂ ಅಮ್ಮನ ಪೆಟ್ಟಿಗೆಯಲ್ಲಿದೆ, ಮಡಿಕೆಯ ಗೆರೆಯಲ್ಲಿ ಹರಿದಿದೆ. ನಮ್ಮಂಥ ಸಾವಿರಾರು ಮನೆಗಳನ್ನು ಎತ್ತಿ ನಿಲ್ಲಿಸಿದ ಕಾನೂನು ಅದು. ಅದಕ್ಕೆ ನಾನು ಯಾವತ್ತೂ ಋಣಿ. ಆದರೆ ಧಣಿಗಳಿಂದ ಸರ್ಕಾರಕ್ಕೆ ಹೋಗಿ, ಸರ್ಕಾರದಿಂದ ಅಜ್ಜನಿಗೆ ಬರುವಾಗ, ನೆಲದ ಜೊತೆ ಅಡಿಯ ಕಲ್ಲೂ ಬಂತೇ? ಅಥವಾ ಅದು ಸರ್ಕಾರದಲ್ಲೇ ಉಳಿಯಿತೇ? ಆ ಕಾಗದದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ. ನಮ್ಮ ಪಹಣಿಯಲ್ಲೂ ಇಲ್ಲ. ಪಹಣಿಯಲ್ಲಿ ಹಕ್ಕು ಮತ್ತು ಋಣಗಳಿಗೆ ಒಂದು ಕಾಲಂ ಇದೆ. ಸೊಸೈಟಿಯಲ್ಲಿ ಮಾಡಿದ ಬೆಳೆಸಾಲ ಅಲ್ಲಿ ತಪ್ಪದೆ ದಾಖಲಾಗುತ್ತದೆ. ಅಡಿಯ ಕಲ್ಲು ನಮ್ಮದಲ್ಲ ಎಂಬ ಅಷ್ಟು ದೊಡ್ಡ ಸಂಗತಿ ಅಲ್ಲಿಲ್ಲ.

ಗೇಣಿಯ ಮಾತು ಬಂತು. ಅದಕ್ಕೊಂದು ಕಾರಣ ಇದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, 8 ಮತ್ತು 1ರ ಬಹುಮತದಲ್ಲಿ, ರಾಯಲ್ಟಿ ಎಂದರೆ ತೆರಿಗೆ ಅಲ್ಲ ಎಂದು ಹೇಳಿತು. ಗುತ್ತಿಗೆ ಪಡೆದವನು ಖನಿಜದ ಹಕ್ಕನ್ನು ಅನುಭವಿಸುವುದಕ್ಕಾಗಿ ಗುತ್ತಿಗೆ ಕೊಟ್ಟವನಿಗೆ ಕೊಡುವ ಪ್ರತಿಫಲ ಅದು ಎಂದಿತು. ಆ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ತಕ್ಷಣ ಅಂದರು: "ಅಂದ್ರೆ ಗೇಣಿ."

ಹೌದು, ಗೇಣಿಯೇ. ನೆಲ ಯಾರದ್ದೋ ಅವರಿಗೆ ಉಳುವವನು ಕೊಡುವಂಥದ್ದು. ಕೋರೆಯವರು ಸರ್ಕಾರಿ ಗುಡ್ಡೆಯಲ್ಲಿ ಕಲ್ಲು ಕಡಿದರೆ ಸರ್ಕಾರಕ್ಕೆ ಆ ಗೇಣಿ ಹೋಗಲಿ, ನ್ಯಾಯ. ಆದರೆ ನನ್ನ ಅಪ್ಪನ ಗುಡ್ಡೆಯಲ್ಲಿ ಕಡಿದಾಗ ಅದು ಯಾರಿಗೆ ಸೇರಬೇಕು? ರಾಯಲ್ಟಿ ತೆರಿಗೆಯಾಗಿದ್ದರೆ ಸರ್ಕಾರ ಯಾರ ನೆಲದ ಮೇಲೂ ಕೇಳಬಹುದಿತ್ತು, ನಾನು ಸುಮ್ನೆ ಇರುತ್ತಿದ್ದೆ. ಅದು ತೆರಿಗೆ ಅಲ್ಲ ಎಂದ ಮೇಲೆ, ಕೇಳುವವರು ಮೊದಲು ತಾವೇ ಧಣಿ ಎಂದು ತೋರಿಸಬೇಕಲ್ಲವೇ? ಮಲಬಾರಿನ ಪ್ರಕರಣದಲ್ಲಿ ಮಾಲೀಕರೇ ರಾಯಲ್ಟಿ ಕೊಡಬೇಕೇ ಎಂಬ ಪ್ರಶ್ನೆಯನ್ನು ಮೂವರ ಪೀಠ ತೀರ್ಮಾನಿಸದೆ ಬಿಟ್ಟಿತ್ತು, ಯಾಕೆಂದರೆ ರಾಯಲ್ಟಿ ಎಂದರೇನು ಎಂಬ ವಿಷಯವೇ ದೊಡ್ಡ ಪೀಠದ ಮುಂದೆ ಇತ್ತು. ಈಗ ಅದು ಇತ್ಯರ್ಥವಾಗಿದೆ. ರಾಜ್ಯಗಳಿಗೆ ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ಇದೆ ಎಂದೂ ಅದೇ ತೀರ್ಪು ಹೇಳಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕೂತು ಖನಿಜ ಹಕ್ಕು ಮತ್ತು ಖನಿಜ ಇರುವ ಭೂಮಿಯ ತೆರಿಗೆ ಮಸೂದೆಗೆ ನೀವು ಒಪ್ಪಿಗೆ ಕೊಟ್ಟಿರಿ. ತೆರಿಗೆಯ ವಿಷಯದಲ್ಲಿ ಅಷ್ಟು ಬೇಗ ಕೆಲಸವಾಯಿತು. ಹಕ್ಕು ಯಾರದ್ದು ಎಂಬುದಕ್ಕೂ ಅಷ್ಟೇ ಬೇಗ ಗಮನ ಕೊಡಿ ಎಂದು ಕೇಳುತ್ತಿದ್ದೇನೆ.

1957ರ ಕಾಯ್ದೆಯಲ್ಲಿ ಒಂದು ಪದ ನನ್ನ ಮನಸ್ಸಿಗೆ ನಾಟಿದೆ. ಅದರ 24ಎ ಸೆಕ್ಷನ್ ಪ್ರಕಾರ, ಗಣಿ ಗುತ್ತಿಗೆ ಸಿಕ್ಕಿದವರು ಜಮೀನಿನೊಳಗೆ ಬರಬಹುದು. ಅದಕ್ಕೆ ಪ್ರತಿಯಾಗಿ "ಮೇಲ್ಮೈಯ ಅನುಭೋಗದಾರ"ರಿಗೆ ಪರಿಹಾರ ಕೊಡಬೇಕು. ಮೇಲ್ಮೈಯ ಅನುಭೋಗದಾರ ಎಂದರೆ ನಾವು. ಅಡಿಕೆ ಮರದ ಬೇರು ಎಷ್ಟು ಆಳಕ್ಕೆ ಹೋಗುತ್ತದೋ ಅಷ್ಟೂ ನಮ್ಮದು ಎಂದುಕೊಂಡು ಮೂರು ತಲೆಮಾರು ಬದುಕಿದ ಮನೆಗೆ ಆ ಪದ ತುಂಬ ಸಣ್ಣದು.

ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದು ದುಡ್ಡಿಗಿಂತ ದೊಡ್ಡದು. ಮುರಕಲ್ಲಿನಲ್ಲಿ ತೂತುಗಳಿರುತ್ತವೆ. ಮಳೆನೀರನ್ನು ಹೀರಿ ಇಟ್ಟುಕೊಂಡು ಬೇಸಿಗೆಯಲ್ಲಿ ನಿಧಾನಕ್ಕೆ ಬಿಡುತ್ತದೆ. ನಮ್ಮ ಕಡೆಯ ಹಿರಿಯರು ಗುಡ್ಡೆಯೊಳಗೆ ಅಡ್ಡಡ್ಡ ಸುರಂಗ ಕೊರೆದು ನೀರು ತಂದದ್ದು ಈ ಕಲ್ಲನ್ನು ನಂಬಿ. ನಮ್ಮ ಗುಡ್ಡೆ ಹೋದ ಮೇಲೆ ಕೆಳಗಿನ ಮನೆಯ ಬಾವಿ ಮಾರ್ಚ್‌ನಲ್ಲೇ ತಳ ಕಂಡಿತು. ಮೊದಲು ಮೇ ತಿಂಗಳವರೆಗೂ ಅದರಲ್ಲಿ ನೀರಿರುತ್ತಿತ್ತು. ಆ ಮನೆಯ ಅಕ್ಕ ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಕೊಡ ಹಿಡಿದುಕೊಂಡು ನಮ್ಮ ಬಾವಿಗೆ ಬರುತ್ತಾರೆ, ಅಷ್ಟೆ. ಸಿಟ್ಟು ಮಾಡಿದ್ದರೇ ನನಗೆ ಹಗುರ ಆಗುತ್ತಿತ್ತು.

ನೆಲ, ನೀರು, ದಾರಿಗಳ ಅನುಕೂಲದ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ, ತನ್ನ ನೆಲದಡಿಯಲ್ಲಿ ಒಸರುವ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವುದು ನೆಲದ ಮಾಲೀಕನ ಹಕ್ಕು ಎಂದು ಉದಾಹರಣೆ ಸಮೇತ ಬರೆದಿದೆ. ಅಂದರೆ ಅಡಿಯ ನೀರು ನನ್ನದು. ಆ ನೀರನ್ನು ಹಿಡಿದಿಟ್ಟುಕೊಂಡಿರುವ ಕಲ್ಲು ಮಾತ್ರ ಬೇರೆಯವರದ್ದು. ಎರಡನ್ನೂ ಬೇರೆ ಮಾಡಲು ನೆಲದೊಳಗೆ ಆಗುವುದಿಲ್ಲ. ಕಲ್ಲನ್ನು ಲೋಡು ಲೆಕ್ಕದಲ್ಲಿ ನೋಡುವವರಿಗೆ ಅದರೊಳಗಿನ ನೀರು ಕಾಣುವುದಿಲ್ಲ.

ಇದು ಕರಾವಳಿಯ ಕೆಂಪುಕಲ್ಲಿನ ಸಮಸ್ಯೆ ಮಾತ್ರ ಅಲ್ಲ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಎಲ್ಲದರ ಮೇಲೂ ರೈತರ ಹೊಲಗಳಿವೆ. ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ. ಮಂಡ್ಯ ಜಿಲ್ಲೆಯ ಅಲ್ಲಾಪಟ್ಟಣದ ಆಸುಪಾಸಿನಲ್ಲಿ 1,600 ಟನ್ ಲಿಥಿಯಂ ಇರಬಹುದು ಎಂದು ಕೇಂದ್ರದ ಅಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಅಣುಶಕ್ತಿಗೆ ಬೇಕಾದ ಖನಿಜಗಳ ನಿಯಮ ಬೇರೆಯೇ, ದೇಶದ ಭದ್ರತೆಯ ಮಾತು ಅಲ್ಲಿದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ಅಲ್ಲಿಯ ರೈತನಿಗೆ ತನ್ನ ಹೊಲದಲ್ಲಿ ತನ್ನದು ಎಷ್ಟು ಎಂದು ತಿಳಿಯುವ ಹಕ್ಕಾದರೂ ಇರಬೇಕು.

ನಾನು ಗುಡ್ಡೆ ಅಗೆಯಲು ಸ್ವಾತಂತ್ರ್ಯ ಕೇಳುತ್ತಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ. ಕಲ್ಲು ನಮ್ಮದೇ ಆದರೂ ಪರ್ಮಿಟ್ ಬೇಕು, ಆಳಕ್ಕೆ ಮಿತಿ ಬೇಕು, ಬಾವಿಯಿಂದ ದೂರ ಬೇಕು. ನನ್ನ ಮನೆ ನನ್ನದೇ, ಆದರೂ ಕಟ್ಟಲು ಪಂಚಾಯತಿಯ ಅನುಮತಿ ಬೇಕಲ್ಲ, ಹಾಗೆ. ನಿಯಂತ್ರಣ ಬೇರೆ, ಒಡೆತನ ಬೇರೆ. ಈ ಎರಡನ್ನು ಕಲಸಿ ಹಾಕಿದ್ದರಿಂದ ನಮ್ಮಂಥವರಿಗೆ ತೊಂದರೆಯಾಗಿದೆ.

ಹಾಗಾಗಿ ನನ್ನ ಮೊದಲ ಬೇಡಿಕೆ ಇದು. ವರ್ಗ, ಡಿಕ್ಲರೇಷನ್, ದರ್ಖಾಸ್ತು, ಅಕ್ರಮ ಸಕ್ರಮ, ಇನಾಂ, ಹೀಗೆ ಒಂದೊಂದು ಬಗೆಯ ಜಮೀನಿನಲ್ಲೂ ಅಡಿಯ ಖನಿಜದ ಹಕ್ಕು ಯಾರದ್ದು ಎಂದು ಸರ್ಕಾರದ ನಿಲುವನ್ನು ಸದನದಲ್ಲಿ ಕೇಳಿ. ಉತ್ತರವನ್ನು ನಮಗೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಲು ಹೇಳಿ. 70ನೇ ಸೆಕ್ಷನ್ 2013ರ ತೀರ್ಪಿನ ಎದುರು ಹೇಗೆ ನಿಲ್ಲುತ್ತದೆ ಎಂಬುದೂ ಅದರಲ್ಲಿರಲಿ. ಉತ್ತರ ನಮಗೆ ವಿರುದ್ಧವಾದರೂ ಪರವಾಗಿಲ್ಲ, ಅದು ನಮಗೆ ಗೊತ್ತಿರಲಿ. ಆಮೇಲೆ ಅದನ್ನು ಪಹಣಿಯಲ್ಲಿ ಒಂದು ಸಾಲಾಗಿ ಮುದ್ರಿಸಿ. ಜಮೀನು ಕೊಳ್ಳುವವರು, ಮಾರುವವರು, ಪಾಲು ಮಾಡುವವರು ಎಲ್ಲರಿಗೂ ಅದು ಕಾಣಲಿ.

ಎರಡನೆಯದು ರಾಯಲ್ಟಿ. ಹಕ್ಕು ರೈತರದ್ದು ಎಂದಾದರೆ ರಾಯಲ್ಟಿ ಎಂಬ ಹೆಸರಿನಲ್ಲಿ ಅವರಿಂದ ಕೇಳುವುದನ್ನು ನಿಲ್ಲಿಸಿ. ತೆರಿಗೆ ಬೇಕಾದರೆ ತೆರಿಗೆ ಎಂದು ಕೇಳಿ, ಕೊಡುತ್ತೇವೆ. ಹಕ್ಕು ಸರ್ಕಾರದ್ದೇ ಎಂದಾದರೆ, ಬಂದ ರಾಯಲ್ಟಿಯಲ್ಲಿ ನೆಲದವರಿಗೂ ಪಕ್ಕದ ಬಾವಿಯವರಿಗೂ ಒಂದು ಪಾಲು ಎಂದು ಕಾನೂನಿನಲ್ಲಿ ಬರೆಯಿರಿ. ಗಣಿಯಿಂದ ತೊಂದರೆಗೊಳಗಾದವರಿಗಾಗಿ 2015ರ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿಯವರು ಅವಕ್ಕೆ ಕಟ್ಟುವ ಹಣದಿಂದ, ಬಿಟ್ಟುಹೋದ ಸಣ್ಣ ಸಣ್ಣ ಕೋರೆ ಗುಂಡಿಗಳಿಗೆ ಬೇಲಿ ಹಾಕುವುದು, ಮುಚ್ಚುವುದು ಮೊದಲ ಕೆಲಸವಾಗಲಿ. ಎಲ್ಲ ಕಡೆ ಆಗುವುದಿಲ್ಲ ಅಂತಾದರೆ ಮಕ್ಕಳು ನಡೆಯುವ ಕಡೆಯಲ್ಲಾದರೂ ಈ ಮಳೆಗಾಲದ ಮೊದಲೇ ಮಾಡಿ.

ಮೂರನೆಯದು ಹೊಣೆಗಾರಿಕೆ. ಅನುಮತಿ ಇಲ್ಲದೆ ಖನಿಜ ತೆಗೆದವರಿಂದ ಅದರ ಬೆಲೆಯನ್ನೂ ರಾಯಲ್ಟಿಯನ್ನೂ ವಸೂಲಿ ಮಾಡಬಹುದು ಎಂದು 1957ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ತೆಗೆದವರು ಯಾರು? ಮೆಷಿನ್ ಇಳಿಸಿದವರು, ಲಾರಿ ಓಡಿಸಿದವರು, ಕಲ್ಲು ಮಾರಿದವರು. ಅವರನ್ನು ಹುಡುಕುವುದು ಕಷ್ಟ, ಪಹಣಿಯಲ್ಲಿ ಹೆಸರು ಸಿಗುವುದು ಸುಲಭ. ಹಾಗಾಗಿ ನೋಟಿಸ್ ಪಹಣಿಯ ಹೆಸರಿಗೆ ಬರುತ್ತದೆ. ರೈತರ ಜಮೀನಿನಲ್ಲಿ ಕಲ್ಲು ತೆಗೆಯುವ ಪ್ರತಿ ಒಪ್ಪಂದವೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು ಎಂದು ನಿಯಮ ಮಾಡಿ. ತೆಗೆಯುವವರ ಹೆಸರು, ಪರ್ಮಿಟ್ ಸಂಖ್ಯೆ, ಆಳ, ಗುಂಡಿ ಮುಚ್ಚುವ ಠೇವಣಿ ಎಲ್ಲ ಅದರಲ್ಲಿರಲಿ. ಆಗ ಛಾಪಾ ಕಾಗದ ಹಿಡಿದು ಮನೆಗೆ ಬರುವವರ ಮುಂದೆ ನಮ್ಮಪ್ಪನಂಥವರಿಗೆ ಕೇಳಲು ಒಂದು ಪ್ರಶ್ನೆಯಾದರೂ ಇರುತ್ತದೆ.

ನೋಟಿಸಿಗೆ ನಾವು ಲಿಖಿತ ಉತ್ತರ ಕೊಟ್ಟಿದ್ದೇವೆ, ಒಪ್ಪಂದದ ಪ್ರತಿಯನ್ನೂ ಲಗತ್ತಿಸಿದ್ದೇವೆ. ವಿಚಾರಣೆ ಇನ್ನೂ ಮುಗಿದಿಲ್ಲ. ನಮ್ಮ ತಪ್ಪಿನ ಪಾಲನ್ನು ಕಟ್ಟಲು ಅಪ್ಪ ಸಿದ್ಧರಿದ್ದಾರೆ. ಅದಕ್ಕೆಂದು ಈ ಸಲದ ಅಡಿಕೆಯನ್ನು ಇನ್ನೂ ಮಾರಿಲ್ಲ, ಅಟ್ಟದಲ್ಲಿ ಚೀಲ ಕಟ್ಟಿ ಇಟ್ಟಿದ್ದಾರೆ. ಕಟ್ಟುವ ಮೊದಲು ಅವರ ಪ್ರಶ್ನೆಗೆ ಉತ್ತರ ಸಿಗಬೇಕು ಎಂಬುದು ನನ್ನ ಆಸೆ. ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು ಅದನ್ನು ಕೇಳಿ. ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸಚಿವರು ಸದನದಲ್ಲೇ ಉತ್ತರಿಸಬೇಕಾದ ಪ್ರಶ್ನೆಯಾಗಿ ಕೇಳಿದರೆ ಉತ್ತರ ದಾಖಲೆಗೂ ಹೋಗುತ್ತದೆ. ಕಾಗದಪತ್ರ ಬೇಕಾದರೆ, ಅಜ್ಜನ ಡಿಕ್ಲರೇಷನ್ ಆದೇಶದಿಂದ ಹಿಡಿದು ಎಲ್ಲವನ್ನೂ ತೆಗೆದುಕೊಂಡು ನೀವು ಕರೆದಲ್ಲಿಗೆ ಬರುತ್ತೇನೆ.

ಇತಿ ವಂದನೆಗಳೊಂದಿಗೆ,

ಬಂಟ್ವಾಳ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರರ ಮಗಳು